ಕ್ಲಸ್ಟರ್ ಸೇವೆಗಳನ್ನು ಏಜೆಂಟ್ ಪರಿಶೀಲಿಸುವ ಟೂಲ್: ಕೈಪಿಡಿಯನ್ನು ಯಾರಿಗಾಗಿ ಬರೆಯಬೇಕು?

ಪ್ರಶ್ನೆ (ಮಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನಗರದ ಹೊರವಲಯದ ಸಂಸ್ಥೆಯೊಂದರಲ್ಲಿ ಹದಿನಾರು ನೋಡ್‌ಗಳ ಸ್ಲರ್ಮ್ ಕ್ಲಸ್ಟರನ್ನು ನೋಡಿಕೊಳ್ಳುವ ಇಬ್ಬರಲ್ಲಿ ನಾನೊಬ್ಬ. (ಕ್ಲಸ್ಟರ್ ಎಂದರೆ ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು, ಅದರ ಒಂದೊಂದು ಕಂಪ್ಯೂಟರ್ ನೋಡ್; ಬಳಕೆದಾರರು ಸಲ್ಲಿಸುವ ಕೆಲಸಗಳನ್ನು, ಅಂದರೆ ಜಾಬ್‌ಗಳನ್ನು, ಸರತಿಯಲ್ಲಿಟ್ಟು ನೋಡ್‌ಗಳಿಗೆ ಹಂಚುವ ತಂತ್ರಾಂಶ ಸ್ಲರ್ಮ್.) ಯಾವ ನೋಡ್ ಬಿದ್ದಿದೆ, ಯಾರ ಜಾಬ್ ಸರತಿಯಲ್ಲೇ ಉಳಿದಿದೆ ಎಂದು ಸಂಶೋಧನಾ ವಿದ್ಯಾರ್ಥಿಗಳು ರಾತ್ರಿ ಹೊತ್ತು ಫೋನ್ ಮಾಡುವುದು ಕಡಿಮೆಯಾಗಲಿ ಎಂದು, ಎಐ ಏಜೆಂಟ್ ತಾನೇ ಕೇಳಿ ತಿಳಿದುಕೊಳ್ಳುವಂತೆ ಚಿಕ್ಕದೊಂದು ಎಂಸಿಪಿ ಸರ್ವರ್ ಬರೆದಿದ್ದೇನೆ. ಎಂಸಿಪಿ ಎಂದರೆ 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಎಐ ಏಜೆಂಟ್ ಹೊರಗಿನ ಟೂಲ್‌ಗಳನ್ನು ಬಳಸಲು ಬೇಕಾದ ಸಾಮಾನ್ಯ ನಿಯಮಾವಳಿ. ನನ್ನ ಸರ್ವರ್‌ನಲ್ಲಿ ಮೂರೇ ಟೂಲ್‌ಗಳಿವೆ: ನೋಡ್‌ಗಳ ಸ್ಥಿತಿ, ಜಾಬ್‌ಗಳ ಸರತಿ, ಹೆಸರಿಸಿದ ಸೇವೆ ನಡೆಯುತ್ತಿದೆಯೇ ಎಂಬುದು. ಒಳಗೆ ಓಡುವುದು ಕ್ರಮವಾಗಿ ಎಸ್‌ಇನ್ಫೋ, ಎಸ್‌ಕ್ಯೂ, ಸಿಸ್ಟಮ್‌ಸಿಟಿಎಲ್ ಕಮಾಂಡ್‌ಗಳೇ.

ಆಟಿಯ ಮಳೆಯ ಒಂದು ರಾತ್ರಿ ಕರೆಂಟ್ ಹೋಗಿ ಬಂತು. ನೋಡ್‌ಗಳೆಲ್ಲ ಯುಪಿಎಸ್ ಮೇಲಿದ್ದವು. ಟೂಲ್ ಓಡುವ ಯಂತ್ರದ ಕಡೆಯ ಸ್ವಿಚ್ ಮಾತ್ರ ಅದರ ಹೊರಗಿದ್ದು, ಮತ್ತೆ ಏಳಲಿಲ್ಲ. ಕಮಾಂಡ್ ವಿಫಲವಾದಾಗ ನನ್ನ ಕೋಡ್ ಖಾಲಿ ಪಟ್ಟಿಯೊಂದನ್ನು ಕೊಡುತ್ತಿತ್ತು. ಏಜೆಂಟ್ ಅದನ್ನು ನೋಡಿ, ಸರತಿಯಲ್ಲಿ ಯಾವ ಜಾಬೂ ಇಲ್ಲ, ಕ್ಲಸ್ಟರ್ ಬಿಡುವಾಗಿದೆ ಎಂದು ಬಹಳ ವಿನಯದಿಂದ ವರದಿ ಬರೆಯಿತು. ಅದನ್ನು ನಂಬಿದ ವಿದ್ಯಾರ್ಥಿನಿಯೊಬ್ಬರು, ತಮ್ಮ ಮೂರು ದಿನಗಳ ಜಾಬ್ ಅಳಿಸಿಹೋಯಿತೆಂದುಕೊಂಡು ಬೆಳಿಗ್ಗೆ ಅದನ್ನೇ ಇನ್ನೊಮ್ಮೆ ಸಲ್ಲಿಸಿದರು. ಮೊದಲನೆಯದು ಇನ್ನೂ ಓಡುತ್ತಿತ್ತು. ಎರಡೂ ಒಂದೇ ಫೈಲಿಗೆ ಬರೆದು ಫಲಿತಾಂಶವೇ ಕೆಟ್ಟಿತು.

ಕೋಡ್ ಸರಿಪಡಿಸಿದ್ದೇನೆ. ಆದರೆ ನನ್ನ ರೀಡ್‌ಮಿಯಲ್ಲಿ (ಕೋಡ್‌ನ ಜೊತೆಗಿಡುವ ಪರಿಚಯದ ಫೈಲ್) ಇನ್‌ಸ್ಟಾಲ್ ಮಾಡುವ ವಿಧಾನವನ್ನು ಬಿಟ್ಟರೆ ಬೇರೇನೂ ಇಲ್ಲ. ಇಂಥ ಟೂಲ್‌ನ ಕೈಪಿಡಿಯನ್ನು ಅದನ್ನು ನಡೆಸುವ ಮನುಷ್ಯನಿಗಾಗಿ ಬರೆಯಬೇಕೇ, ಬಳಸುವ ಏಜೆಂಟ್‌ಗಾಗಿಯೇ?

ಉತ್ತರ 1 (ಮಣಿಪಾಲದಿಂದ)

ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ನಿಮ್ಮ ರೀಡ್‌ಮಿ ಸಾಮಾನ್ಯವಾಗಿ ಏಜೆಂಟ್‌ನ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ಮುಖ್ಯವಾಗಿ ಸಿಗುವುದು ಪ್ರತಿ ಟೂಲ್‌ನ ಹೆಸರು, ವಿವರಣೆ ಮತ್ತು ಇನ್‌ಪುಟ್‌ನ ಜೇಸನ್ ಸ್ಕೀಮಾ (ಇನ್‌ಪುಟ್ ಯಾವ ರೂಪದಲ್ಲಿರಬೇಕೆಂಬ ನಕ್ಷೆ). ಹಾಗಾಗಿ ‘ಸರತಿಯನ್ನು ತೋರಿಸುತ್ತದೆ’ ಎಂಬ ಒಂದು ಸಾಲಿನ ವಿವರಣೆ ನಿಮ್ಮ ಕೋಡ್‌ನಲ್ಲಿದ್ದರೆ, ಏಜೆಂಟ್‌ನ ಪಾಲಿಗೆ ಪೂರ್ತಿ ಕೈಪಿಡಿ ಅದೇ.

ಆ ವಿವರಣೆಯಲ್ಲಿ ಮೊದಲು ಬರಬೇಕಾದದ್ದು, ಉತ್ತರ ಏನನ್ನು ಹೇಳುವುದಿಲ್ಲ ಎಂಬುದು. ‘ಸರಿಯಿದೆ’, ‘ಕೆಟ್ಟಿದೆ’ ಎಂಬ ಎರಡರ ಜೊತೆಗೆ ‘ಪರಿಶೀಲಿಸಲು ಆಗಲಿಲ್ಲ’ ಎಂಬ ಮೂರನೆಯದೊಂದು ಇರಲೇಬೇಕು. ಪ್ರೋಟೋಕಾಲ್‌ನಲ್ಲಿ ಇದಕ್ಕಾಗಿಯೇ ‘ಈಸ್‌ಎರರ್’ ಎಂಬ ಗುರುತಿದೆ. ವಿಫಲವಾದಾಗ ಅದನ್ನು ಹಾಕಿ, ಯಾವ ಯಂತ್ರವನ್ನು ತಲುಪಲಾಗಲಿಲ್ಲ ಎಂದು ಒಂದು ವಾಕ್ಯದಲ್ಲಿ ತಿಳಿಸಿ.

ಸಿಸ್ಟಮ್‌ಸಿಟಿಎಲ್ ‘ಆಕ್ಟಿವ್’ ಎಂದರೆ ಪ್ರೊಸೆಸ್ ಇದೆ ಎಂದಷ್ಟೇ ಅರ್ಥ, ಅದು ಮಾತಿಗೆ ಓಗೊಡುತ್ತದೆ ಎಂದಲ್ಲ. ಸ್ಲರ್ಮ್‌ನ ಕಂಟ್ರೋಲರ್ (ಜಾಬ್‌ಗಳನ್ನೂ ನೋಡ್‌ಗಳನ್ನೂ ನಿರ್ವಹಿಸುವ ಮುಖ್ಯ ಸೇವೆ) ಓಗೊಡುತ್ತಿದೆಯೇ ಎಂದು ತಿಳಿಯಲು ‘ಎಸ್‌ಕಂಟ್ರೋಲ್ ಪಿಂಗ್’ ಬೇಕು. ಹಾಗೆಯೇ ಎಸ್‌ಇನ್ಫೋದಲ್ಲಿ ‘ಐಡಲ್’ (ಬಿಡುವಾಗಿದೆ) ಪದದ ಕೊನೆಗೆ ನಕ್ಷತ್ರ ಚಿಹ್ನೆ ಬಂದರೆ, ಆ ನೋಡ್ ಸದ್ಯ ಪ್ರತಿಕ್ರಿಯಿಸುತ್ತಿಲ್ಲ, ಅದಕ್ಕೆ ಹೊಸ ಕೆಲಸ ಹೋಗುವುದಿಲ್ಲ ಎಂದರ್ಥ. ಬಹಳ ಜನ ಪಾರ್ಸ್ ಮಾಡುವಾಗ, ಅಂದರೆ ಕಮಾಂಡ್‌ನ ಉತ್ತರವನ್ನು ಕೋಡ್‌ನಲ್ಲಿ ಬಿಡಿಸಿಕೊಳ್ಳುವಾಗ, ಆ ನಕ್ಷತ್ರವನ್ನು ಕಸವೆಂದು ಕತ್ತರಿಸುತ್ತಾರೆ, ನಾನೂ ಕತ್ತರಿಸಿದವನೇ.

ಉತ್ತರ 2 (ಉಡುಪಿಯಿಂದ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಮನುಷ್ಯರ ಕೈಪಿಡಿಯೂ ಅಷ್ಟೇ ಮುಖ್ಯ, ಏಕೆಂದರೆ ಖಾಲಿ ಪಟ್ಟಿಗೆ ಇನ್ನೊಂದು ಕಾರಣವಿದೆ, ಅದು ಕೋಡ್‌ನಲ್ಲಿ ಕಾಣುವುದಿಲ್ಲ. ಸ್ಲರ್ಮ್‌ನ ಕಾನ್ಫಿಗರೇಶನ್‌ನಲ್ಲಿ ‘ಪ್ರೈವೇಟ್‌ಡೇಟಾ’ಕ್ಕೆ ‘ಜಾಬ್ಸ್’ ಎಂದು ಕೊಟ್ಟಿದ್ದರೆ, ಸಾಮಾನ್ಯ ಬಳಕೆದಾರನಿಗೆ ಇತರರ ಜಾಬ್‌ಗಳು ಕಾಣಿಸುವುದಿಲ್ಲ. ನಿಮ್ಮ ಟೂಲ್ ತನ್ನದೇ ಖಾತೆಯಲ್ಲಿ ಓಡುತ್ತಿದ್ದರೆ, ನೂರು ಜಾಬ್‌ಗಳಿದ್ದರೂ ಅದು ಸೊನ್ನೆ ಎನ್ನುತ್ತದೆ. ಕಮಾಂಡ್ ಯಶಸ್ವಿಯಾಗಿಯೇ ಮುಗಿದಿರುವುದರಿಂದ ಎರರ್ ಕೂಡ ಬರುವುದಿಲ್ಲ. ಟೂಲ್ ಯಾವ ಖಾತೆಯಲ್ಲಿ, ಯಾವ ಅನುಮತಿಯೊಂದಿಗೆ ಓಡಬೇಕು ಎಂಬುದು ಇನ್‌ಸ್ಟಾಲ್ ಮಾಡುವ ಹಂತಗಳಿಗಿಂತ ಮೊದಲೇ ಬರಬೇಕಾದ ವಿಷಯ.

ನಿಮ್ಮ ಟೂಲ್‌ಗಳಿಗೆ ‘ರೀಡ್‌ಓನ್ಲಿಹಿಂಟ್’ (ಓದುತ್ತದೆ, ಏನನ್ನೂ ಬದಲಾಯಿಸುವುದಿಲ್ಲ ಎಂಬ) ಗುರುತು ಹಾಕಿ. ಆದರೆ ಅದರ ಹೆಸರೇ ಹೇಳುವಂತೆ ಅದು ಸೂಚನೆ ಮಾತ್ರ, ಬೀಗವಲ್ಲ. ಬೀಗ ಇರಬೇಕಾದದ್ದು ಖಾತೆಯಲ್ಲಿ: ಅದಕ್ಕೆ ಸ್ಲರ್ಮ್‌ನ ಆಪರೇಟರ್ ಅಧಿಕಾರ (ಇತರರ ಜಾಬ್‌ಗಳನ್ನೂ ಬದಲಾಯಿಸಬಲ್ಲ ಅಧಿಕಾರ) ಬೇಡ, ಏಜೆಂಟ್ ಕಳಿಸಿದ ಪಠ್ಯವನ್ನು ಕಮಾಂಡ್‌ಗಳನ್ನು ಓಡಿಸುವ ಶೆಲ್‌ಗೆ ನೇರವಾಗಿ ಕೊಡುವುದೂ ಬೇಡ.

ಇನ್ನೊಂದು ಮಾತು. ಎಸ್‌ಕ್ಯೂ ಕಮಾಂಡ್‌ನ ಪ್ರತಿ ಓಟವೂ ಕಂಟ್ರೋಲರ್‌ಗೆ ಒಂದು ಕರೆ; ಸ್ಕ್ರಿಪ್ಟ್‌ನ ಲೂಪ್‌ನಲ್ಲಿ ಅದನ್ನು ಮತ್ತೆ ಮತ್ತೆ ಓಡಿಸಬಾರದೆಂದು ಸ್ಲರ್ಮ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಬೇಸರವೆಂಬುದೇ ಇಲ್ಲದ ಏಜೆಂಟ್ ನಿಮಿಷಕ್ಕೆ ಇಪ್ಪತ್ತು ಸಲ ಕೇಳಬಲ್ಲದು. ಉತ್ತರವನ್ನು ಅರ್ಧ ನಿಮಿಷ ಕ್ಯಾಶ್‌ನಲ್ಲಿಡಿ (ಹೊಸದಾಗಿ ಕೇಳದೆ ಅದನ್ನೇ ಮತ್ತೆ ಕೊಡಿ), ಅದು ಯಾವ ಗಳಿಗೆಯದೆಂದು ಉತ್ತರದಲ್ಲೇ ನಮೂದಿಸಿ, ಯುಟಿಸಿಯೋ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಭಾರತದ ಸಮಯವೋ ಎಂದೂ ಬರೆಯಿರಿ. ಐದೂವರೆ ಗಂಟೆಯ ಹಿಂದಿನ ತೊಂದರೆಯನ್ನು ಏಜೆಂಟ್ ಈಗಿನದೆಂದು ವರದಿ ಮಾಡಿದ್ದನ್ನು ಕಂಡಿದ್ದೇನೆ.

ಉತ್ತರ 3 (ಮಂಗಳೂರಿನಿಂದ)

ಒಂದು ಭಿನ್ನಾಭಿಪ್ರಾಯ. ಮೇಲಿನದ್ದೆಲ್ಲವನ್ನೂ ಟೂಲ್‌ನ ವಿವರಣೆಗೆ ತುರುಕಬೇಡಿ. ಸಾಮಾನ್ಯವಾಗಿ ಎಲ್ಲ ಟೂಲ್‌ಗಳ ವಿವರಣೆಯೂ ಪ್ರತಿ ಸಂಭಾಷಣೆಯಲ್ಲಿ ಏಜೆಂಟ್‌ನ ಕಾಂಟೆಕ್ಸ್ಟ್ (ಅದು ಒಮ್ಮೆಗೆ ಗಮನಿಸುವ ಪಠ್ಯ) ಸೇರುತ್ತದೆ; ಅದು ಪುಟಗಟ್ಟಲೆಯಾದರೆ ಮುಖ್ಯವಾದ ಎಚ್ಚರಿಕೆಯೇ ಮುಳುಗುತ್ತದೆ. ನಕ್ಷತ್ರದ ಅರ್ಥದಂತಹ ಸಂಗತಿಗಳನ್ನು ಅವು ಎದುರಾದ ಉತ್ತರದಲ್ಲೇ ಹೇಳಿದರೆ ಸಾಕು: ಬರೀ ‘ಐಡಲ್’ ಎನ್ನದೆ ‘ಐಡಲ್, ಆದರೆ ಪ್ರತಿಕ್ರಿಯಿಸುತ್ತಿಲ್ಲ’ ಎಂದು ಕೊಡಿ.

ವಿವರಣೆಯಲ್ಲಿ ಇರಲೇಬೇಕಾದ ಒಂದನ್ನು ಇನ್ನೂ ಯಾರೂ ಹೇಳಿಲ್ಲ. ಜಾಬ್‌ನ ಹೆಸರನ್ನು ಬರೆಯುವವನು ಬಳಕೆದಾರ. ಅಲ್ಲಿ ಯಾರಾದರೂ ತಮಾಷೆಗೋ ಕಿಡಿಗೇಡಿತನಕ್ಕೋ ಏಜೆಂಟ್‌ಗೆ ಅಪ್ಪಣೆಯಂತೆ ಕಾಣುವ ವಾಕ್ಯವನ್ನಿಟ್ಟರೆ, ಅದು ಟೂಲ್‌ನ ಉತ್ತರದೊಳಗೇ ಸೇರಿ ಬರುತ್ತದೆ. ಹಾಗಾಗಿ ಆ ಹೆಸರುಗಳು ಬಳಕೆದಾರರ ಮಾತು, ಅಪ್ಪಣೆಯಲ್ಲ ಎಂದು ವಿವರಣೆಯಲ್ಲಿ ಹೇಳಿ. ಆ ಹೆಸರುಗಳು ಅಗತ್ಯವಿಲ್ಲದಿದ್ದರೆ ಜಾಬ್‌ನ ಗುರುತು ಸಂಖ್ಯೆಯನ್ನಷ್ಟೇ ಕೊಡುವುದು ಮೇಲು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಉಡುಪಿಯವರ ಮಾತು ಓದಿ ಕಾನ್ಫಿಗರೇಶನ್ ತೆರೆದು ನೋಡಿದೆ. ನಮ್ಮಲ್ಲಿ ‘ಪ್ರೈವೇಟ್‌ಡೇಟಾ’ ಹಾಕಿಯೇ ಇದೆ ಮಾರಾಯ್ರೆ! ಅಂದರೆ ಸ್ವಿಚ್ ಸರಿಯಿದ್ದಿದ್ದರೂ ಆ ರಾತ್ರಿ ಪಟ್ಟಿ ಖಾಲಿಯಾಗಿಯೇ ಬರುತ್ತಿತ್ತು. ನಾನು ಪರೀಕ್ಷಿಸಿದ್ದೆಲ್ಲ ನನ್ನ ಅಡ್ಮಿನ್ ಖಾತೆಯಿಂದ. ಎರಡನೆಯ ಟೂಲ್‌ನ ವಿವರಣೆಯನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ, ತಿದ್ದುವುದಿದ್ದರೆ ತಿಳಿಸಿ:

‘ಈ ಖಾತೆಗೆ ಕಾಣುವ ಜಾಬ್‌ಗಳ ಗುರುತು ಸಂಖ್ಯೆ ಮತ್ತು ಸ್ಥಿತಿಯನ್ನು ಮಾತ್ರ ಕೊಡುತ್ತದೆ, ಯಾವುದನ್ನೂ ಬದಲಾಯಿಸುವುದಿಲ್ಲ. ಎಲ್ಲರ ಜಾಬ್‌ಗಳೂ ಕಾಣುತ್ತವೆಯೇ ಎಂಬುದು ಉತ್ತರದ ಮೊದಲ ಸಾಲಿನಲ್ಲಿರುತ್ತದೆ. ಅದು ಇಲ್ಲ ಎಂದಿದ್ದರೆ, ಕ್ಲಸ್ಟರ್ ಬಿಡುವಾಗಿದೆ ಎಂದು ಯಾರಿಗೂ ಹೇಳಬೇಡ.’