140 ಪೇಪರ್ ಇರೋ ಗೈಡ್ ಸಿಕ್ಕಿದ್ದಾರೆ, ಪಟ್ಟಿ ಓದೋದು ಹೇಗೆ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಈ ವರ್ಷ ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿಯಿತು. ಪಿಎಚ್‌ಡಿಗೆ ಒಬ್ಬರು ಗೈಡ್ ಸಿಗುವ ಹಾಗಿದೆ. ಅವರ ಕೆಲಸ ಎಲ್ಲ ಸಕ್ಕರೆ ಕಾಯಿಲೆ, ಲಿವರಿನಲ್ಲಿ ಕೊಬ್ಬು ಸೇರೋದು, ಇಂಥದ್ದರ ಮೇಲೆ. ಗೂಗಲ್ ಸ್ಕಾಲರ್‌ನಲ್ಲಿ ನೋಡಿದರೆ 140 ಸಂಶೋಧನಾ ಪೇಪರ್, ಎಚ್-ಇಂಡೆಕ್ಸ್ 24. ನಮ್ಮ ಮಾವನಿಗೆ ಹೇಳಿದ್ದೇ ತಡ, "140 ಅಂದ್ರೆ ಸುಮ್ನೇನಾ, ಕಣ್ಣು ಮುಚ್ಚಿಕೊಂಡು ಸೇರಿಕೋ" ಅಂದರು. ನನಗೋ, ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರೂ ಇವರು ಏನು ಕಂಡುಹಿಡಿದಿದ್ದಾರೆ ಅಂತ ಒಂದು ಸಾಲಿನಲ್ಲಿ ಹೇಳೋಕೆ ಬರುತ್ತಿಲ್ಲ. ಮುಂದಿನ ವಾರ ಭೇಟಿ ಇದೆ. ಏನು ನೋಡಬೇಕು, ಗೊತ್ತಿರೋರು ಹೇಳಿ.

ಕಾಫಿ ಕಣ:
ನಮ್ಮದು ಮೂಡಿಗೆರೆ ಕಡೆ ತೋಟ. ನಾನು ಫಿಸಿಯಾಲಜಿಯಲ್ಲಿ ಪಿಎಚ್‌ಡಿ ಮುಗಿಸಿ ಈಗ ಪೋಸ್ಟ್‌ಡಾಕ್. ನಿಮ್ಮ ಮಾವ ಮೂಟೆ ಎಣಿಸುತ್ತಿದ್ದಾರೆ. ನಮ್ಮಲ್ಲಿ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಕೊಳ್ಳೋಕೆ ಬಂದವರು 50 ಕೆಜಿ ಮೂಟೆ ಎಷ್ಟಿದೆ ಅಂತ ಕೇಳಿ ಸುಮ್ಮನಾಗಲ್ಲ, ಒಂದಿಷ್ಟು ತೆಗೆದು ಸಿಪ್ಪೆ ಬಿಡಿಸಿ ಔಟ್‌ಟರ್ನ್ (ಮೂಟೆಗೆ ಎಷ್ಟು ಕೆಜಿ ಬೀಜ) 26 ಬಂತಾ 28 ಬಂತಾ ನೋಡಿಯೇ ರೇಟು ಹೇಳ್ತಾರೆ.

ಮೊದಲು ಅವರ ಹೆಸರು ಎಷ್ಟನೆಯದು ನೋಡಿ. ಈ ವಿಷಯದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. ನಡುವೆ ಸೇರಿದವರು ಸ್ಯಾಂಪಲ್ ಕೊಟ್ಟವರೂ ಇರಬಹುದು, ಬಾಗಿಲು ತೆಗೆದವರೂ ಇರಬಹುದು. ವೈದ್ಯಕೀಯ ಪೇಪರುಗಳನ್ನು ಹುಡುಕೋ ತಾಣ ಪಬ್‌ಮೆಡ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಕೊನೆಯ ಲೇಖಕ ಅಂತಲೇ ಬೇರೆ ಹುಡುಕಬಹುದು. ಹಾಗೆ ಸಿಕ್ಕಿದ ಪೇಪರುಗಳಲ್ಲಿ ಮೊದಲ ಹೆಸರು ಯಾರದು? ಐದು ವರ್ಷ ಅಲ್ಲಿ ದುಡಿದ ಹುಡುಗ ಹುಡುಗಿಯರದಾ? ನಿಮಗೆ ಬೇಕಾಗಿರೋದು ಅದೇ.

ಆಮೇಲೆ ಇಲಿಗಳನ್ನು ನೋಡಿ. ಸಕ್ಕರೆ ಕಾಯಿಲೆ ಕೆಲಸದಲ್ಲಿ ಇಲಿಗೆ ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ ಕಾಯಿಲೆ ಬರಿಸ್ತಾರಲ್ಲ, ಆ ಒಂದೇ ಬ್ಯಾಚಿನಿಂದ ಲಿವರಿಗೊಂದು ಪೇಪರ್, ಕಿಡ್ನಿಗೊಂದು, ಹೃದಯಕ್ಕೊಂದು ಅಂತ ಹಲಸಿನ ತೊಳೆ ಬಿಡಿಸಿ ಮಾರಿದ ಹಾಗೆ ಮಾಡುವವರಿದ್ದಾರೆ. ಮೆಥಡ್ಸ್ ಭಾಗದಲ್ಲಿ ಎಥಿಕ್ಸ್ ಕಮಿಟಿ ಕೊಟ್ಟ ಅನುಮತಿ ನಂಬರ್ ಇರುತ್ತೆ. ಒಂದು ಅನುಮತಿಯಲ್ಲಿ ನಾಲ್ಕು ಪ್ರಯೋಗ ಮಾಡೋದು ತಪ್ಪೇನಲ್ಲ. ಆದರೆ ಅದೇ ನಂಬರ್, ಅದೇ ಡೋಸ್, ಗುಂಪಿಗೆ ಅದೇ 6 ಇಲಿ, ಕಂಟ್ರೋಲ್ ಇಲಿಗಳ (ಹೋಲಿಕೆಗೆ ಇಟ್ಟವು) ಗ್ಲೂಕೋಸ್ ದಶಾಂಶದ ತನಕ ಒಂದೇ, ಒಂದು ಪೇಪರಿನಲ್ಲೂ ಇನ್ನೊಂದರ ಸುದ್ದಿಯಿಲ್ಲ ಅಂದರೆ ನಾಲ್ಕನ್ನೂ ಒಂದೇ ಅಂತ ಲೆಕ್ಕ ಹಾಕಿ.

ಬಿಎಂ ರೋಡ್ ಮೇಷ್ಟ್ರು:
ಎಚ್-ಇಂಡೆಕ್ಸ್ ನೋಡಿ ಹೆದರಬೇಡಮ್ಮ. 24 ಅಂದರೆ, ಕನಿಷ್ಠ 24 ಸಲ ಉಲ್ಲೇಖವಾದ ಪೇಪರ್ 24 ಇವೆ ಅಂತ, ಅಷ್ಟೇ. 2005ರಲ್ಲಿ ಹಿರ್ಶ್ ಅನ್ನೋ ಭೌತವಿಜ್ಞಾನಿ ಕೊಟ್ಟ ಲೆಕ್ಕ. ಸುಮ್ಮನೆ ಕೂತಿದ್ದರೂ ಏರುತ್ತೆ, ಇಳಿಯಲ್ಲ. ಉಲ್ಲೇಖ ಜಾಸ್ತಿ ಆದರೆ ದೊಡ್ಡ ಶೋಧ ಅಂತಲೂ ಇಲ್ಲ. ಪ್ರಾಕ್ಟಿಕಲ್‌ನಲ್ಲಿ ಲೋರಿ ವಿಧಾನ ಮಾಡಿರ್ತೀರಿ, ಟೆಸ್ಟ್ ಟ್ಯೂಬ್ ನೀಲಿ ಆದ ಮೇಲೆ 660 ನ್ಯಾನೋಮೀಟರಿಗೆ ಇಟ್ಟು ರೀಡಿಂಗ್ ತಗೊಳ್ಳೋದು. ಆ 1951ರ ಪೇಪರ್ 3 ಲಕ್ಷಕ್ಕೂ ಜಾಸ್ತಿ ಸಲ ಉಲ್ಲೇಖವಾಗಿದೆ. ಇರೋದು ಪ್ರೋಟೀನ್ ಅಳೆಯೋ ವಿಧಾನ ಮಾತ್ರ.

ಇನ್ನೊಂದು ಕಡೆ ನೋಡಿ. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ಅನ್ನೋ ಡಾಕ್ಟರುಗಳು 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದೇ ಪುಟ ಬರೆದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನೋಡೋಕೆ ತೆಳ್ಳಗಿರೋ ನಮ್ಮವರ ಒಳಗೆ ಎಷ್ಟು ಕೊಬ್ಬಿರುತ್ತೆ ಅನ್ನೋದು ಒಂದು ಫೋಟೋದಲ್ಲಿ ಬಂತು. ಅದರ ಹಿಂದೆ ಮುಂದೆ ಯಾಜ್ಞಿಕ್ ಅವರ ಪಟ್ಟಿ ಓದಿದರೆ ಹುಟ್ಟಿದ ಮಗುವಿನಿಂದ ಹಿಡಿದು ಅದೇ ಪ್ರಶ್ನೆ. ನಿಮ್ಮ ಗೈಡ್‌ಗೆ ಅಂಥದ್ದೊಂದು ಪ್ರಶ್ನೆ ಇದೆಯಾ ಹುಡುಕಿ. ಪತ್ರಿಕೆಯ ಹೆಸರಿಗೂ ಜೋತು ಬೀಳಬೇಡಿ, ಜೀವಕೋಶ ಆಹಾರದಿಂದ ಶಕ್ತಿ ಪಡೆಯೋ ಬಗೆ ತಿಳಿಸಿದ ಕ್ರೆಬ್ಸ್ ಚಕ್ರದ ಪೇಪರನ್ನೇ 1937ರಲ್ಲಿ ನೇಚರ್ ಪತ್ರಿಕೆ ವಾಪಸ್ ಕಳಿಸಿತ್ತು.

ಇನಿಷಿಯಲ್ ಸಮಸ್ಯೆ:
ಒಂದು ಮಾತು. ನಮ್ಮ ಕಡೆ ಊರಿಗೊಂದು, ಅಪ್ಪನಿಗೊಂದು ಇನಿಷಿಯಲ್. ಪತ್ರಿಕೆಯವರು ಅದನ್ನು ಹಿಂದೆ ಮುಂದೆ ಮಾಡಿ ಒಬ್ಬರನ್ನು ಮೂವರು ಮಾಡ್ತಾರೆ, ಮೂವರನ್ನು ಒಬ್ಬರೂ ಮಾಡ್ತಾರೆ. 140ರಲ್ಲಿ ಎಲ್ಲ ಅವರದೇನಾ ನೋಡಿದಿರಾ? ಆರ್ಕಿಡ್ ಅಂತ 16 ಅಂಕಿಯ ಐಡಿ ಇರುತ್ತೆ, ಅದರಲ್ಲಿ ಹುಡುಕಿ.

ಹೇಮಾವತಿ ದಂಡೆ:
ಇನಿಷಿಯಲ್ ಅವರೇ, ನಿಮಗೊಂದು ಕಾಫಿ! 140ರಲ್ಲಿ 31 ಪೇಪರ್ ಯಾರೋ ಮೂಳೆ ಡಾಕ್ಟರದು. ಮಂಡಿ ಚಿಪ್ಪಿನ ಬಗ್ಗೆ ಇವರು ಯಾಕೆ ಬರೆದರು ಅಂತ ನಾನು ಮೊದಲೇ ತಲೆ ಕೆಡಿಸಿಕೊಂಡಿದ್ದೆ. ಉಳಿದವುಗಳಲ್ಲಿ ಕೊನೆಯ ಹೆಸರು ಇರೋದು 42. ಕಣದವರು ಹೇಳಿದ ಹಾಗೆ ಅನುಮತಿ ನಂಬರ್ ಹಿಡಿದು ಹೋದೆ. ಒಂದು ಕಡೆ ಮೂರು ಪೇಪರಿಗೆ ಅವೇ ಇಲಿಗಳು, ಆದರೆ ಮೂರರಲ್ಲೂ ಹಾಗಂತ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. 2016ರಿಂದ ಈಚೆಗೆ ಏಳು ಪೇಪರ್ ಒಂದೇ ದಾರದಲ್ಲಿ ಪೋಣಿಸಿದ ಹಾಗಿವೆ, ಉಪವಾಸ ಇದ್ದಾಗ ಲಿವರ್ ಕೊಬ್ಬನ್ನು ಏನು ಮಾಡುತ್ತೆ ಅಂತ. ಐದರಲ್ಲಿ ವಿದ್ಯಾರ್ಥಿಗಳದೇ ಮೊದಲ ಹೆಸರು. ಅವರಲ್ಲೊಬ್ಬರು ಬೇಲೂರಿನವರಂತೆ, ನಾಳೆ ಫೋನ್ ಮಾಡ್ತೀನಿ. ಮಾವನಿಗೆ ಆ 31ರ ವಿಷಯ ಇನ್ನೂ ಹೇಳಿಲ್ಲ.