ಬೋರ್‌ವೆಲ್ ನೀರಿನಲ್ಲಿ ಪಿಎಫ್‌ಒಎ 19: ಅಡುಗೆಮನೆಗೆ ಆರ್‌ಓ ಸಾಕೇ, ಇಡೀ ಮನೆಗೆ ಇದ್ದಿಲಿನ ಟ್ಯಾಂಕ್ ಬೇಕೇ? (ನ್ಯೂಜೆರ್ಸಿ)

ಬಾವಿಮನೆ
ಮನೆ ಮಾರಾಟದ ಹೊತ್ತಿಗೆ ಮಾಡಿಸಲೇಬೇಕಾದ ಬಾವಿ ಪರೀಕ್ಷೆಯ ವರದಿ ಬಂದಿದೆ. ಪಿಎಫ್‌ಒಎ 19, ಪಿಎಫ್‌ಒಎಸ್ 11, ಪಿಎಫ್‌ಎನ್‌ಎ ಪತ್ತೆಯಾಗಿಲ್ಲ (ಮೂರೂ ಸುಲಭವಾಗಿ ಕೊಳೆಯದ ಫ್ಲೋರಿನ್ ರಾಸಾಯನಿಕಗಳು); ಎಲ್ಲವೂ ಲೀಟರಿಗೆ ನ್ಯಾನೊಗ್ರಾಂ ಲೆಕ್ಕ. ಕಬ್ಬಿಣ ಲೀಟರಿಗೆ 0.6 ಮಿಲಿಗ್ರಾಂ, ಗಡಸು ನೀರು, ಸಾಫ್ಟ್‌ನರ್ ಇದೆ. ಪಂಪಿನ ಪ್ರೆಶರ್ ಸ್ವಿಚ್ 30/50 (ಒತ್ತಡ 30 ಪಿಎಸ್‌ಐಗೆ ಇಳಿದರೆ ಪಂಪ್ ಆನ್, 50ಕ್ಕೆ ಏರಿದರೆ ಆಫ್). ಪುಡಿ ಹಾಲು ಕುಡಿಯುವ ಮಗುವಿದೆ. ಒಬ್ಬ ಡೀಲರ್ ಇಡೀ ಮನೆಗೆ ಇದ್ದಿಲಿನ ಟ್ಯಾಂಕ್ ಹಾಕಿಸಿ ಅನ್ನುತ್ತಾನೆ, ಇನ್ನೊಬ್ಬ ಸಿಂಕಿನ ಕೆಳಗೆ ಆರ್‌ಓ ಸಾಕು ಅನ್ನುತ್ತಾನೆ. ಅಲ್ಲಿಯವರೆಗೆ ಕುದಿಸಿ ಕುಡಿಯಬಹುದೇ? ಊರಿಂದ ತಂದ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರಿನಲ್ಲಿ ಇದು ಗೊತ್ತಾಗುತ್ತದೆಯೇ?

ನೀರುಗಂಟಿ
ಕುದಿಸಬೇಡಿ. ನೀರು ಆವಿಯಾಗುತ್ತದೆ, ಪಿಎಫ್‌ಒಎ ಪಾತ್ರೆಯಲ್ಲೇ ಉಳಿಯುತ್ತದೆ; ಎರಡು ಲೀಟರ್ ಕುದ್ದು ಒಂದೂವರೆ ಆದರೆ 19 ಇದ್ದದ್ದು 25 ದಾಟುತ್ತದೆ. ಇಂಗಾಲ-ಫ್ಲೋರಿನ್ ಬಂಧ ಒಲೆಯ ಶಾಖಕ್ಕೆ ಜಗ್ಗುವಂಥದ್ದಲ್ಲ. ಯುವಿ ದೀಪವೂ ಕೆಲಸಕ್ಕೆ ಬಾರದು.

ನಿಮ್ಮ ರಾಜ್ಯದ ಮಿತಿ ಪಿಎಫ್‌ಒಎಗೆ 14, ಪಿಎಫ್‌ಒಎಸ್‌ಗೆ 13, ಪಿಎಫ್‌ಎನ್‌ಎಗೆ 13. 2024ರಲ್ಲಿ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಮೊದಲ ಎರಡಕ್ಕೂ 4 ಎಂದು ನಿಗದಿ ಮಾಡಿತು. ಅದು ಸಾರ್ವಜನಿಕ ಸರಬರಾಜಿಗೆ ಮಾತ್ರ, ಖಾಸಗಿ ಬಾವಿಗೆ ಅನ್ವಯಿಸುವುದಿಲ್ಲ. ಆದರೂ ಗುರಿ 4 ಇರಲಿ.

ಮೈಗೆ ಸೇರುವುದು ಹೆಚ್ಚಾಗಿ ಬಾಯಿಂದ. ಸ್ನಾನದಲ್ಲಿ ಚರ್ಮದ ಮೂಲಕ ಹೋಗುವುದು ತೀರಾ ಕಡಿಮೆ. ಆದ್ದರಿಂದ ಮೊದಲು ಅಡುಗೆಮನೆ ನಲ್ಲಿ. ಕುಡಿಯಲು, ಮಗುವಿನ ಹಾಲಿಗೆ, ಅನ್ನ-ಬೇಳೆಗೆ (ಅವು ಇಟ್ಟ ನೀರನ್ನೆಲ್ಲ ಹೀರಿಕೊಳ್ಳುತ್ತವೆ) ಆರ್‌ಓ ನೀರು. ಪಾತ್ರೆ ತೊಳೆಯಲು ಬೇಕಿಲ್ಲ.

ನಿಮ್ಮಲ್ಲಿ ಕೈಕೊಡುವುದು ಎರಡು ಕಡೆ. ಒಂದು, ಕಬ್ಬಿಣ. ಕರಗಿದ ಕಬ್ಬಿಣ 5 ಮೈಕ್ರಾನ್ ಫಿಲ್ಟರನ್ನು ಸಲೀಸಾಗಿ ದಾಟಿ ಆರ್‌ಓ ಒಳಗಿನ ಸೋಸುವ ಪೊರೆಯ (ಮೆಂಬ್ರೇನ್) ಮೇಲೆ ತುಕ್ಕಾಗಿ ಕೂರುತ್ತದೆ. ಆರ್‌ಓಗೆ ಸಾಫ್ಟ್‌ನರ್ ದಾಟಿದ ಲೈನಿನಿಂದಲೇ ನೀರು ಕೊಡಿ. ಸಾಫ್ಟ್‌ನರ್ ತಾನೇ ಪಿಎಫ್‌ಒಎ ಹಿಡಿಯುವುದಿಲ್ಲ: ಅದರ ರೆಸಿನ್ ಧನ ಅಯಾನುಗಳಿಗೆ, ಇದು ಋಣ ಅಯಾನು. ಎರಡು, ಒತ್ತಡ. ಬಹುತೇಕ ಮೆಂಬ್ರೇನಿಗೆ 40 ಪಿಎಸ್‌ಐ ಆದರೂ ಬೇಕು. ಸ್ವಿಚ್ಚನ್ನು 40/60ಕ್ಕೆ ಏರಿಸಬಹುದು, ಪಂಪ್ ತಡೆಯುತ್ತದೆಯೇ ಎಂದು ಮೊದಲು ನೋಡಿಸಿ. ಏರಿಸಿದರೆ ಬಾವಿಯ ಪ್ರೆಶರ್ ಟ್ಯಾಂಕಿನ ಗಾಳಿಯನ್ನೂ (ನೀರು ಖಾಲಿ ಮಾಡಿ) 38ಕ್ಕೆ ತರಬೇಕು. ಮರೆತರೆ ಪಂಪ್ ಪದೇಪದೇ ಆನ್-ಆಫ್ ಆಗಿ ಸುಡುತ್ತದೆ. ಇಲ್ಲವಾದರೆ ಆರ್‌ಓಗೇ ಸಣ್ಣ ಬೂಸ್ಟರ್ ಪಂಪ್.

ಟಿಡಿಎಸ್ ಮೀಟರ್ ಮಿಲಿಗ್ರಾಂ ಅಳೆಯುತ್ತದೆ, ಇದು ನ್ಯಾನೊಗ್ರಾಂ, ಅಂದರೆ ಹತ್ತು ಲಕ್ಷ ಪಟ್ಟು ಚಿಕ್ಕದು. ಕಾಣುವುದೇ ಇಲ್ಲ. ಹಾಗಂತ ಎಸೆಯಬೇಡಿ: ಒಳಗೆ 300, ಹೊರಗೆ 25 ಇದ್ದದ್ದು ಒಂದು ದಿನ 80 ಆದರೆ ಮೆಂಬ್ರೇನ್ ಹೋಗಿದೆ, ಇಲ್ಲವೇ ಓ-ರಿಂಗ್ ಸರಿಯಾಗಿ ಕೂತಿಲ್ಲ ಎಂದರ್ಥ. ಎಷ್ಟೋ ಸಲ ಹೊಸ ಮೆಂಬ್ರೇನ್ ಹಾಕಿದ ದಿನವೇ ಹೀಗಾಗುತ್ತದೆ.

ಇದ್ದಿಲುಗೂಡು
ಮೇಲಿನದಕ್ಕೆ ನನ್ನದೂ ಹೂಂ, ಆದರೆ ಇಡೀ ಮನೆಯ ಟ್ಯಾಂಕನ್ನು ಪೂರ್ತಿ ತಳ್ಳಿಹಾಕಲಾರೆ. ಮಕ್ಕಳು ಬಚ್ಚಲಿನ ನಲ್ಲಿಗೂ ಬಾಯಿ ಹಚ್ಚುತ್ತಾರೆ. ಹಾಕಿಸುವುದಾದರೆ ಒಂದು ಟ್ಯಾಂಕ್ ಬೇಡವೇ ಬೇಡ. ಎರಡು, ಒಂದರ ಹಿಂದೊಂದು, ನಡುವೆ ಸ್ಯಾಂಪಲ್ ನಲ್ಲಿ. ಎರಡು ಘನ ಅಡಿ ಇದ್ದಿಲು ಎಂದರೆ ಸುಮಾರು 15 ಗ್ಯಾಲನ್ ಜಾಗ. ನಿಮಿಷಕ್ಕೆ 5 ಗ್ಯಾಲನ್ ಹರಿದರೆ ನೀರಿಗೆ ಅಲ್ಲಿ ಸಿಗುವುದು ಮೂರೇ ನಿಮಿಷ. ನಡುವಿನ ನಲ್ಲಿಯಲ್ಲಿ ಪಿಎಫ್‌ಒಎ ಕಾಣಿಸಿಕೊಂಡ ಕೂಡಲೇ ಮೊದಲನೆಯದನ್ನು ತೆಗೆದು, ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಇಡಬೇಕು.

ಡೀಲರ್ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವ) ಟೈಮರ್ ಇರುವ ತಲೆ ಮಾರಲು ನೋಡಿದರೆ ಬೇಡ ಅನ್ನಿ. ಬ್ಯಾಕ್‌ವಾಶ್ ಮಾಡಿದಾಗಲೆಲ್ಲ ಮೇಲಿನ ತುಂಬಿದ ಇದ್ದಿಲು ಕೆಳಗಿನ ಹೊಸ ಇದ್ದಿಲಿನ ಜೊತೆ ಕಲಸಿಹೋಗುತ್ತದೆ, ಆಯಸ್ಸು ಅರ್ಧಕ್ಕೇ ಮುಗಿಯುತ್ತದೆ. ಕೆಸರು, ಕಬ್ಬಿಣ ಮೊದಲೇ ತೆಗೆದಿರಬೇಕು. ಇದ್ದಿಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದರಿಂದ ಯುವಿ ದೀಪ ಕೊನೆಯಲ್ಲಿ. ಇಲ್ಲಿ ಅದರ ಕೆಲಸ ಅಷ್ಟೇ.

ಇನ್ನೊಂದು. ನಿಮ್ಮ ವರದಿಯಲ್ಲಿರುವುದು ಕಾನೂನು ಕೇಳಿದ ಮೂರೇ ಹೆಸರು. ಪಿಎಫ್‌ಬಿಎ, ಪಿಎಫ್‌ಬಿಎಸ್‌ನಂಥ ಗಿಡ್ಡ ಇಂಗಾಲ ಸರಪಳಿಯ ಇದೇ ಜಾತಿಯ ರಾಸಾಯನಿಕಗಳು ಇದ್ದಿಲನ್ನು ಎಲ್ಲಕ್ಕಿಂತ ಮೊದಲು ದಾಟಿಬಿಡುತ್ತವೆ. ಇಪಿಎ ವಿಧಾನ 533ರಲ್ಲಿ 25 ಸಂಯುಕ್ತ ನೋಡುತ್ತಾರೆ. ಟ್ಯಾಂಕಿಗೆ ದುಡ್ಡು ಸುರಿಯುವ ಮೊದಲು ಅದನ್ನು ಮಾಡಿಸಿ. ಅವು ಜಾಸ್ತಿ ಇದ್ದರೆ ಆರ್‌ಓ ಕಡೆಗೇ ತೂಕ.

ಬಾವಿಮನೆ
ಫ್ರಿಜ್ಜಿನ ಫಿಲ್ಟರ್, ಜಗ್ ಫಿಲ್ಟರ್ ಸದ್ಯಕ್ಕೆ ನಡೆಯುತ್ತವೆಯೇ? ಮರುಪರೀಕ್ಷೆಗೆ ನೀರು ನಾನೇ ಹಿಡಿಯಬಹುದೇ?

ಸ್ಯಾಂಪಲ್ ಬಾಟ್ಲಿ
ಅವನ್ನು ನಂಬಿಕೊಳ್ಳಬೇಡಿ. ಡ್ಯೂಕ್ ಮತ್ತು ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2020ರಲ್ಲಿ ಮನೆಗಳಲ್ಲಿದ್ದ ಫಿಲ್ಟರುಗಳನ್ನೇ ಪರೀಕ್ಷಿಸಿದಾಗ ಇದ್ದಿಲಿನವು ಸರಾಸರಿ 73% ತೆಗೆದವು, ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಆರ್‌ಓ ಮತ್ತು ಸಿಂಕಿನಡಿಯ ಎರಡು ಹಂತದವು ಹೆಚ್ಚುಕಡಿಮೆ ಎಲ್ಲವನ್ನೂ ತೆಗೆದವು. ಡಬ್ಬಿಯ ಮೇಲೆ ಎನ್‌ಎಸ್‌ಎಫ್ 53 ಅಥವಾ 58 (ಫಿಲ್ಟರ್, ಆರ್‌ಓಗಳ ಗುಣಮಟ್ಟದ ಮಾನದಂಡ) ಎಂದಷ್ಟೇ ನೋಡಿ ಕೊಳ್ಳಬೇಡಿ, ಪಿಎಫ್‌ಒಎ/ಪಿಎಫ್‌ಒಎಸ್ ಎಂದು ಬಿಡಿಸಿ ಬರೆದಿರಬೇಕು. ಹಳೆಯ ಪ್ರಮಾಣಪತ್ರ ಕೊಡುತ್ತಿದ್ದುದು ಎರಡೂ ಸೇರಿ 70ಕ್ಕೆ ಇಳಿದರೆ; ನಿಮ್ಮ ಕಚ್ಚಾ ನೀರಿನಲ್ಲೇ ಒಟ್ಟು 30 ಇದೆ, ಹಾಗಾಗಿ ಅದು ನಿಮಗೆ ಏನನ್ನೂ ಹೇಳುವುದಿಲ್ಲ.

ನೀರು ನೀವೇ ಹಿಡಿಯಬಹುದು, ಬಾಟಲಿ ಮಾತ್ರ ಲ್ಯಾಬಿನದೇ ಆಗಬೇಕು. ಬೆಳಿಗ್ಗೆ ಕ್ರೀಮ್, ಸನ್‌ಸ್ಕ್ರೀನ್ ಹಚ್ಚಬೇಡಿ, ಮಳೆಗೆ ನೆನೆಯದ ಜಾಕೆಟ್ ತೊಡಬೇಡಿ. ಕೈ ತೊಳೆದು ನೈಟ್ರೈಲ್ ಗ್ಲೌಸ್. ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ, 5 ನಿಮಿಷ ನೀರು ಬಿಟ್ಟು ಹಿಡಿಯಿರಿ. ಬಾಟಲಿಯನ್ನು ಗಲಬರಿಸಬೇಡಿ, ತುಂಬಿ ಹರಿಯಲೂ ಬಿಡಬೇಡಿ, ಒಳಗಿರುವ ಪುಡಿ ನೀರಿನ ಮಾದರಿ ಕೆಡದಿರಲು ಬೇಕಾದದ್ದು. ಐಸ್ ಹಾಕಿ ಅಂದೇ ಕಳಿಸಿ. ಜೊತೆಗೆ ಕೊಡುವ ಫೀಲ್ಡ್ ಬ್ಲ್ಯಾಂಕನ್ನು (ಲ್ಯಾಬಿನ ಶುದ್ಧ ನೀರು ಮತ್ತು ಖಾಲಿ ಬಾಟಲಿ) ನಲ್ಲಿಯ ಪಕ್ಕದಲ್ಲೇ ಸುರಿದು ತುಂಬಿಸಿ. ಅದರಲ್ಲೂ ಪಿಎಫ್‌ಒಎ ಬಂದರೆ ತಪ್ಪು ಕೈಯದು, ಬಾವಿಯದಲ್ಲ. ಆರ್‌ಓ ಹಾಕಿದ ಮೇಲೆ ಮೊದಲೆರಡು ಟ್ಯಾಂಕ್ ನೀರು ಚೆಲ್ಲಿ, ಆಮೇಲೆ ಹಿಡಿಯಿರಿ.

ಯಾವುದನ್ನೂ ಖರೀದಿಸುವ ಮೊದಲು ನ್ಯೂಜೆರ್ಸಿಯ ಸ್ಪಿಲ್ ಫಂಡಿಗೆ (ಮಾಲಿನ್ಯದಿಂದಾದ ನಷ್ಟಕ್ಕೆ ಪರಿಹಾರ ಕೊಡುವ ರಾಜ್ಯದ ನಿಧಿ) ಕೇಳಿ ನೋಡಿ. ರಾಜ್ಯದ ಮಿತಿ ಮೀರಿದ ಬಾವಿಗೆ ಅರ್ಜಿ ಹಾಕಬಹುದು. ಕೆಟ್ಟದ್ದು ಗೊತ್ತಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು, ಆ ದಿನ ನಿಮ್ಮ ವರದಿಯ ಮೇಲೇ ಇದೆ.