ಮರೀನ್ ಡ್ರೈವ್ ಸೂರ್ಯಾಸ್ತ ಬರೆದರೆ ಕ್ಯಾಲೆಂಡರ್ ಚಿತ್ರ ಆಗುತ್ತೆ, ಏನು ಮಾಡಲಿ?

ಬೊರಿವಲಿ ಬ್ರಷ್: ಆಫೀಸು ಚರ್ಚ್‌ಗೇಟ್ ಹತ್ತಿರ. ಸಂಜೆ ಲೋಕಲ್ ಹಿಡಿಯುವ ಮುಂಚೆ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು ವಾಟರ್‌ಕಲರ್ ಮಾಡುತ್ತೇನೆ. ಎದುರಿಗೆ ನೋಡುವಾಗ ಮೈ ಜುಮ್ ಅನ್ನುತ್ತದೆ, ಆದರೆ ಹಾಳೆ ಮೇಲೆ ಉಳಿಯುವುದು ಒಂದು ಕಿತ್ತಳೆ ಬಿಲ್ಲೆ, ಕೆಳಗೊಂದು ನೀಲಿ ಪಟ್ಟಿ. ಹೊರಗೆ ಕೂತು ಬರೆಯುವವರು ನಿಜವಾಗಿ ಏನನ್ನು ನೋಡುತ್ತೀರಿ?

ಮಾಟುಂಗಾ ಅಜ್ಜ: ಸೂರ್ಯನಿಗೆ ಬೆನ್ನು ಹಾಕಿ ಕೂತ್ಕೊಳ್ಳಮ್ಮ. ರಸ್ತೆ ಆಚೆಗಿನ ಆ ಹಳೆಯ ಆರ್ಟ್ ಡೆಕೋ ಶೈಲಿಯ, ದುಂಡು ಮೂಲೆಗಳ ಕಟ್ಟಡಗಳೆಲ್ಲ ಪಡುವಣಕ್ಕೇ ಮುಖ ಮಾಡಿವೆ, ಇಳಿಬಿಸಿಲು ನೇರವಾಗಿ ಬೀಳುತ್ತದೆ. ಬಾಲ್ಕನಿಯ ದುಂಡು ಅಂಚು ಬೆಣ್ಣೆ ಬಣ್ಣಕ್ಕೆ ತಿರುಗಿರುತ್ತದೆ, ಅದರ ಕೆಳಗಿನ ನೆರಳು ಕಪ್ಪಲ್ಲ, ಸರಿಯಾಗಿ ನೋಡಿದರೆ ನೇರಳೆ. ಗೆರೆಯೂ ಮುಖ್ಯ. ನಮ್ಮ ಉಡುಪಿ ಕಡೆಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಇದೇ ಮುಂಬೈಯಲ್ಲಿ ಬಾಳಿದವರು, ಗೆರೆಗೆ ಲಯ ಬರಲಿ ಅಂತ ಕಥಕ್ ಕಲಿತಿದ್ದರು!

ಪುಣೆ ಟೇಕಡಿ: ಅಜ್ಜ, ಬೆನ್ನು ಹಾಕುವುದನ್ನು ಪೂರ್ತಿ ಒಪ್ಪಲ್ಲ. ಸೂರ್ಯನನ್ನೇ ಬರೆಯಬಹುದು, ಬಿಳುಪು ಜಾಸ್ತಿ ಮಾಡಿ ಹೊಳೆಸಲು ಹೋಗಬಾರದು ಅಷ್ಟೆ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1872ರಲ್ಲಿ ಬರೆದ ‘ಇಂಪ್ರೆಷನ್, ಸನ್‌ರೈಸ್’ ಫೋಟೋವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ, ಸೂರ್ಯ ಹೆಚ್ಚುಕಮ್ಮಿ ಮಾಯ! ಸುತ್ತಲಿನ ಆಕಾಶಕ್ಕಿಂತ ಅದು ತಿಳಿಯಾಗಿಯೇ ಇಲ್ಲ. ಬೂದು-ನೀಲಿಯ ನಡುವೆ ಕಿತ್ತಳೆ ಇಟ್ಟಿದ್ದಕ್ಕೇ ಕಣ್ಣಿಗೆ ಉರಿಯುವ ಹಾಗೆ ಕಾಣುವುದು. ನಿಮ್ಮ ಚಿತ್ರಕ್ಕೂ ಅದೇ ಪರೀಕ್ಷೆ ಮಾಡಿ. ಮತ್ತೆ, ಉರಿಯುವ ಸೂರ್ಯನನ್ನು ದಿಟ್ಟಿಸಿ ಕೂರಬೇಡಿ, ಕಣ್ಣು ಹಾಳಾಗುತ್ತದೆ.

ಪಣಜಿ ಮಳೆ: ಒಂದೇ ಜಾಗ ಬಿಡದೆ ಬರೆಯಿರಿ. ನೀವು ಕೂರುವ ಕಡೆಯಿಂದ ಡಿಸೆಂಬರಿನಲ್ಲಿ ಸೂರ್ಯ ಸಮುದ್ರಕ್ಕೇ ಇಳಿಯುತ್ತಾನೆ, ಜೂನ್ ಹೊತ್ತಿಗೆ ಬಲಕ್ಕೆ ಸರಿದು ಮಲಬಾರ್ ಹಿಲ್ ಹಿಂದೆ ಹೋಗುತ್ತಾನೆ, ಅಲ್ವಾ? ಮಳೆಗಾಲದಲ್ಲಿ ಸೂರ್ಯನೇ ಬೇಡ. ನಾನು ಇಲ್ಲಿ ಮಾಂಡವಿ ನದಿಯ ದಂಡೆಯಲ್ಲಿ ಕೂತಾಗ ಹಾಳೆ ಒಣಗುವುದೇ ಇಲ್ಲ, ಒಂದು ಬಣ್ಣ ಇನ್ನೊಂದಕ್ಕೆ ಹರಿದು ಮೋಡ ತಾನಾಗಿಯೇ ಆಗುತ್ತದೆ.

ಬೊರಿವಲಿ ಬ್ರಷ್: ಕಪ್ಪು-ಬಿಳುಪು ಮಾಡಿ ನೋಡಿದೆ, ನನ್ನ ಸೂರ್ಯ ಟ್ಯೂಬ್‌ಲೈಟ್ ಥರ ಎದ್ದು ಕಾಣ್ತಿದೆ 😄 ಅಜ್ಜ, ರಸ್ತೆ ಕಡೆ ತಿರುಗಿದರೆ ಬರೀ ಸೆಲ್ಫಿ ಗುಂಪು, ಚಹಾ ಮಾರುವವರು. ಕಟ್ಟಡ ಕಾಣಲ್ಲ.

ಮಾಟುಂಗಾ ಅಜ್ಜ: ಅವರ ಉದ್ದುದ್ದ ನೆರಳು ಫುಟ್‌ಪಾತ್ ಮೇಲೆ ನಿನ್ನಿಂದ ಆಚೆಗೆ ಚಾಚಿರುತ್ತದಲ್ಲ, ಮೊದಲು ಅದನ್ನು ಬರಿ. ಕಟ್ಟಡ ಎಲ್ಲಿಗೂ ಓಡಿಹೋಗಲ್ಲ.